ಮಾವ ಪಕ್ಕದಲ್ಲಿ ನಡೆದ ಕಾಲ

ನನ್ನ ಸೋದರಮಾವನಷ್ಟು ಹೆಂಡತಿಯಿಂದ ದೂರ ನಡೆದ ಗಂಡಸು ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬನಿಲ್ಲ! ಜಗಳವೇನೂ ಇರಲಿಲ್ಲ, ವೇಗ ಅಷ್ಟೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅತ್ತೆ ಒಂದು ಸೀರೆಯ ಸೆರಗು ಮುಟ್ಟಿ ನೋಡುವಷ್ಟರಲ್ಲಿ ಮಾವ ಶಿವಾಜಿನಗರದ ಬಸ್ ಸ್ಟ್ಯಾಂಡು ತಲುಪಿ ಸಿಡುಕುತ್ತಿರುತ್ತಿದ್ದರು. ಮದುವೆಯಲ್ಲಿ ಸಪ್ತಪದಿ ತುಳಿಯುವಾಗಲೂ ಅತ್ತೆ ಮೂರನೇ ಹೆಜ್ಜೆಯಲ್ಲಿದ್ದರೆ ಇವರು ಊಟದ ಪಂಕ್ತಿಯಲ್ಲಿದ್ದರೆಂದು ನಮ್ಮಮ್ಮ ಆಣೆ ಮಾಡಿ ಹೇಳುತ್ತಾಳೆ.

ಅಂಥವರು ತೊಂಬತ್ತರ ದಶಕದ ಕೊನೆಯಲ್ಲಿ, ವಿಮೆ ಕಚೇರಿಯಿಂದ ನಿವೃತ್ತರಾದ ವರ್ಷ, ಅತ್ತೆಯ ಪಕ್ಕದಲ್ಲೇ ನಿಧಾನವಾಗಿ ನಡೆಯತೊಡಗಿದರು. ಜೀವನ್ ಬಿಮಾ ನಗರದ ಹೆಂಗಸರೆಲ್ಲ ಕಣ್ಣರಳಿಸಿದರು. ಈ ವಯಸ್ಸಿನಲ್ಲಿ ಎಂಥ ಪ್ರೀತಿ! ನೋಡಿ ಕಲಿಯಿರಿ ಎಂದು ತಮ್ಮ ತಮ್ಮ ಗಂಡಂದಿರನ್ನು ತಿವಿದರು. ಅತ್ತೆ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ಅವರು ನನ್ ಪಕ್ಕದಲ್ಲಿ ನಡೀತಿದಾರೆ ಕಣೋ. ಏನೋ ಆಗಿದೆ."

ಮಾವನ ಪ್ರಕಾರ ತಪ್ಪೆಲ್ಲ ಚಪ್ಪಲಿಯದು. ಅಂಗಡಿಯವನೊಂದಿಗೆ ಜಗಳವಾಡಿ ಜೋಡಿ ಬದಲಿಸಿದರು, ಮತ್ತೆ ಬದಲಿಸಿದರು. ಒಂದು ದಿನ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದರೂ ಗೊತ್ತಾಗದೆ ಮನೆಗೆ ಬಂದರು. ಆಗಲೂ ಬೈಗುಳ ಚಪ್ಪಲಿಗೇ! ಬಡಾವಣೆಯ ಡಾಕ್ಟರು ಡಿಸ್ಕ್ ಜಾರಿದೆ ಎಂದು ಸೊಂಟಕ್ಕೆ ಬೆಲ್ಟು ಕಟ್ಟಿಸಿದರು. ಬೆಲ್ಟು ಬಲು ಗಟ್ಟಿಯಾಗಿತ್ತು, ಕಾಲುಗಳು ಇನ್ನಷ್ಟು ಸೋತವು.

ಅತ್ತೆ ಹಟ ಹಿಡಿದು ದೊಡ್ಡ ಆಸ್ಪತ್ರೆಗೆ ಎಳೆದೊಯ್ದರು. ಸ್ಕ್ಯಾನಿನಲ್ಲಿ ಬೆನ್ನುಹುರಿಯ ಸುತ್ತ ರಕ್ತನಾಳಗಳು ಉಬ್ಬಿಕೊಂಡಿದ್ದವು. ಅಪಧಮನಿಯೊಂದು ನೇರವಾಗಿ ಅಭಿಧಮನಿಗೆ ಸೇರಿಕೊಂಡು, ಆ ಒತ್ತಡಕ್ಕೆ ಹುರಿ ಊದಿಕೊಂಡಿದೆ, ಸೇರುವ ಜಾಗ ಹುಡುಕಿ ಮುಚ್ಚದಿದ್ದರೆ ಕಾಲು ಪೂರ್ತಿ ಹೋಗುತ್ತದೆ ಎಂದರು ಸರ್ಜನ್. ಹುಡುಕಲು ತೊಡೆಯ ಸಂದಿಯಿಂದ ಸಣ್ಣ ನಳಿಗೆ ತೂರಿಸಿ, ಡೈ ಬಿಟ್ಟು ಚಿತ್ರ ತೆಗೆಯಬೇಕಂತೆ.

"ಬೆನ್ನು ನೋಡೋಕೆ ತೊಡೆಯಿಂದ ಹೋಗ್ತೀರಾ?" ಎಂದು ಮಾವ ಎದ್ದು ಕೂತರು. "ಇಂದಿರಾನಗರದಿಂದ ಹಲಸೂರಿಗೆ ಕೆ.ಆರ್. ಪುರಂ ಸುತ್ಕೊಂಡು ಹೋಗ್ತಾರೇನ್ರೀ?"

"ಏನ್ಮಾಡೋದು ಸಾರ್, ರೋಡಿರೋದೇ ಆ ಕಡೆ," ಎಂದರು ಸರ್ಜನ್. ಜೀವನದಲ್ಲಿ ಮೊದಲ ಬಾರಿ ಮಾವನಿಗೆ ಒಬ್ಬ ಡಾಕ್ಟರು ಇಷ್ಟವಾದರು.

ಜಾಗ ಸಿಕ್ಕಿದ ಮೇಲೆ ಬೆನ್ನುಮೂಳೆಯನ್ನು ಸ್ವಲ್ಪ ತೆಗೆದು, ಆ ತಪ್ಪು ಸೇರ್ಪಡೆಯನ್ನು ಮುಚ್ಚಿ ಕತ್ತರಿಸಿದರು. ಹೋದ ಬಲ ಎಷ್ಟು ವಾಪಸ್ಸು ಬರುತ್ತದೋ, ಗ್ಯಾರಂಟಿ ಕೊಡಲಿಲ್ಲ. ಜನ್ಮವಿಡೀ ವಿಮೆ ಮಾರಿದ ಮಾವನಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು, ಜಗಳಕ್ಕೂ ಹೋಗಲಿಲ್ಲ. ನಮಗೆಲ್ಲ ಭಯವಾದದ್ದು ಆಗಲೇ. ಮೊದಲು ವಾಕರ್, ಆಮೇಲೆ ಕೋಲು ಹಿಡಿದು ತಿಂಗಳುಗಟ್ಟಲೆ ಅತ್ತೆಯ ಪಕ್ಕದಲ್ಲೇ ಕಾಲೆಳೆದರು.

ಒಂದು ಸಂಜೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಅತ್ತೆ ಅವರೆಕಾಯಿ ಆರಿಸುತ್ತಿದ್ದರು, ನಾನು ಚೀಲ ಹಿಡಿದಿದ್ದೆ. ತಿರುಗಿ ನೋಡಿದರೆ ಮಾವನಿಲ್ಲ. ಅಷ್ಟು ದೂರದಲ್ಲಿ, ಜನರ ನಡುವೆ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದರು, ಹಿಂದೆ ಹೆಂಡತಿಯೊಬ್ಬಳಿದ್ದಾಳೆಂಬ ಪರಿವೆಯೇ ಇಲ್ಲದೆ! ಕೂಗಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಕರೀಬೇಡ ಕಣೋ," ಎಂದರು. "ಹೋಗ್ಲಿ."