ಸುಮ್ಮನೆ ಬಂದವರ ಆಸ್ಪತ್ರೆ

ಚೆನ್ನಾಗಿರುವವರಿಗೆಂದೇ ಆಸ್ಪತ್ರೆ ತೆರೆದವರ ಮನೆಯಲ್ಲಿ ನಗುವಂಥದ್ದು ದಿನಕ್ಕೊಂದಾದರೂ ನಡೆಯದಿದ್ದರೆ ಆಶ್ಚರ್ಯ. ಆದರೆ ಅದು ನಡೆಯುವ ಹೊತ್ತಿನಲ್ಲಿ ನಗು ಬರುತ್ತಿದ್ದದ್ದು ಊರಿನವರಿಗೆ. ನನಗೆ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ನಮ್ಮವರಿಗೆ ಇನ್ನೂ ಪೂರ್ತಿ ಬಂದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮವರು ಮಡಿಕೇರಿಯಲ್ಲಿ ಸರ್ಕಾರಿ ಡಾಕ್ಟರು. ನಾವಿಬ್ಬರೂ ಹಾಸನದ ಕಡೆಯವರು. ಒಂದು ದಿನ ಕಾಲು ಊದಿ, ಫಿಟ್ಸ್ ಬಂದು ಮೈಮೇಲೆ ಎಚ್ಚರವಿಲ್ಲದ ಬಸುರಿಯೊಬ್ಬಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರಂತೆ. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಆ ದಿನ ಇವರು ಮನೆಗೆ ಬಂದು ತಟ್ಟೆಯ ಮುಂದೆ ಕೂತು, ಊಟ ಮಾಡದೆ ಎದ್ದರು. ಕಾಲು ಊದಿದ ಮೊದಲ ವಾರವೇ ಯಾರಾದರೂ ನೋಡಿದ್ದರೆ ಸಾಕಿತ್ತು ಎಂದರು. ಆಮೇಲೆ ಅದೇ ಮಾತನ್ನು ತಿಂಗಳುಗಟ್ಟಲೆ ಹೇಳಿದರು. ಕೊನೆಗೆ ಕೆಲಸ ಬಿಟ್ಟರು.

ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ದಾರಿಯಲ್ಲಿ ಒಂದು ಸಣ್ಣ ಊರು. ಅಲ್ಲಿ ಮನೆ ಬಾಡಿಗೆಗೆ ಹಿಡಿದು, ಮುಂದಿನ ಕೋಣೆಯಲ್ಲಿ ಆರೋಗ್ಯ ಮಂದಿರ ತೆರೆದೆವು. ಔಷಧಿ ಆದಷ್ಟು ಕಡಿಮೆ, ಸೂಜಿ ಇಲ್ಲವೇ ಇಲ್ಲ. ಊಟ, ನಿದ್ದೆ, ನೀರು, ನಡಿಗೆ, ಮನಸ್ಸು ಇವನ್ನೆಲ್ಲ ನೋಡಿ ಕಾಯಿಲೆ ಬಾರದ ಹಾಗೆ ಮಾಡುವುದು ಇವರ ಲೆಕ್ಕಾಚಾರ. ಮಡಿಕೇರಿಯ ದೊಡ್ಡ ಡಾಕ್ಟರು, ಮುಂದಿನ ಮಳೆಗಾಲದವರೆಗೆ ನಿಮ್ಮ ಜಾಗ ಖಾಲಿ ಇಟ್ಟಿರುತ್ತೇನೆ, ಬುದ್ಧಿ ಬಂದರೆ ಬನ್ನಿ ಎಂದಿದ್ದರು. ಅದನ್ನು ಸವಾಲೆಂದು ತಿಳಿದ ಇವರು ನನಗೊಂದು ಮಾತು ಕೊಟ್ಟರು.

"ಕಾಯಿಲೆ ಇಲ್ಲದ ಒಬ್ಬನೇ ಒಬ್ಬ ಮನುಷ್ಯ ತಾನಾಗಿ ಬಂದು, ನನ್ನನ್ನು ಸುಮ್ಮನೆ ಒಮ್ಮೆ ನೋಡಿ ಅಂತ ಕೇಳಬೇಕು. ಮಳೆ ಹಿಡಿಯುವ ಮೊದಲು ಅಷ್ಟಾಗದಿದ್ದರೆ ಬಾಗಿಲು ಹಾಕಿ ವಾಪಸು ಹೋಗೋಣ."

ಒಬ್ಬ ತಾನೇ, ಸಿಗದೆ ಎಲ್ಲಿ ಹೋದಾನು ಎಂದುಕೊಂಡು ನಾನು ಪಾತ್ರೆ ಜೋಡಿಸಿದೆ.

ಬೋರ್ಡು

ಮನೆಯ ಮುಂದೆ ಬೋರ್ಡು ಹಾಕಿಸಿದರು. "ರೋಗ ಬರುವ ಮುನ್ನ ಬನ್ನಿ" ಎಂದು ಕೆಂಪಕ್ಷರದಲ್ಲಿ. ನಮ್ಮ ಜಗಲಿಯ ಎದುರಿಗೇ ಬಸ್ಸು ನಿಲ್ಲುತ್ತಿದ್ದುದರಿಂದ ಓದುವವರಿಗೆ ಬರವಿರಲಿಲ್ಲ.

ಮೊದಲ ವಾರ ಒಬ್ಬರೂ ಒಳಗೆ ಬರಲಿಲ್ಲ. ನಮಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನರು ಎಸ್ಟೇಟಿನಲ್ಲಿ ರೈಟರಾಗಿದ್ದು, ಆಳುಗಳ ಹಾಜರಿ ಬರೆದು ಬರೆದು ನಿವೃತ್ತರಾದವರು. ಊರಿನ ಸುದ್ದಿಯೆಲ್ಲ ಅವರ ಬಾಯಿಂದಲೇ ನಮಗೆ ಬರಬೇಕು. ಜನ ಎಂತ ಹೇಳುತ್ತಾರೆ ಎಂದು ನಾನೇ ಕೇಳಿದೆ. ಅವರು ಸ್ವಲ್ಪ ಸಂಕೋಚಪಟ್ಟುಕೊಂಡರು. ಕೊಡಗಿಗೆ ತನ್ನದೇ ಸರ್ಕಾರ ಇದ್ದಾಗ ಡಾಕ್ಟರು ಕಾಯಿಲೆಯವರನ್ನು ಮಾತ್ರ ಹಿಡಿಯುತ್ತಿದ್ದರು, ಮೈಸೂರಿಗೆ ಸೇರಿದ ಮೇಲೆ ಚೆನ್ನಾಗಿರುವವರನ್ನೂ ಬಿಡುವುದಿಲ್ಲ ಅಂತ ಮಾತಾಡಿಕೊಳ್ಳುತ್ತಾರೆ ಎಂದರು.

ಅದೇ ಹೊತ್ತಿಗೆ ಕಂಬಳಿ ಹೊದ್ದ ಒಬ್ಬ ಮುದುಕ ಜಗಲಿಗೆ ಹತ್ತಿದ. ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದ. ನಮ್ಮವರು ಸಂಭ್ರಮದಿಂದ ಎದ್ದು ನಿಂತರು. ಮುದುಕ ರಸ್ತೆಯ ಕಡೆಗೊಮ್ಮೆ ನೋಡಿ, ಬಹಳ ವಿನಯದಿಂದ ಕೇಳಿದ:

"ಅದು ಎಷ್ಟು ಗಂಟೆಗೆ ಬರುವುದು ಸ್ವಾಮಿ?"

ಡಾಕ್ಟರು ತಂದ ಸಂಬಂಧ

ಕೊನೆಗೂ ಒಳಗೆ ಬಂದವರು ಗುಡ್ಡದ ಮೇಲಿನ ತೋಟದ ಮನೆಯ ಅಜ್ಜಿ. ಮೊಣಕಾಲು ನೋವು ಎಂದು ಬಂದರು. ಮನೆಯಲ್ಲಿ ಅವರದು ಆ ಕಡೆಯ ಗೌಡರಾಡುವ ಅರೆಭಾಷೆ, ನಮ್ಮ ಹತ್ತಿರ ಮಾತ್ರ ಪುಸ್ತಕದ ಕನ್ನಡ ಹುಡುಕಿ ಹುಡುಕಿ ಮಾತಾಡುತ್ತಿದ್ದರು.

ನಮ್ಮವರ ಪದ್ಧತಿಯಲ್ಲಿ ನೋವಿನ ಜಾಗ ಮುಟ್ಟುವುದು ಕಡೆಗೆ. ಮೊದಲು ಮನುಷ್ಯನನ್ನು ಪೂರ್ತಿ ತಿಳಿಯಬೇಕು. ಮನೆಯಲ್ಲಿ ಎಷ್ಟು ಜನ, ಬಾವಿ ಎಷ್ಟು ದೂರ, ಏನು ಅಡಿಗೆ, ಸೊಸೆಯಂದಿರು ಹೇಗೆ ಎಂದು ಕೇಳುತ್ತಾ ಹೋದರು. ಮನಸ್ಸಿನಲ್ಲೇನಾದರೂ ಚಿಂತೆ ಇದೆಯೇ ಎಂದಾಗ ಅಜ್ಜಿ, ದೊಡ್ಡ ಮಗನ ಮಗಳಿಗೆ ಇನ್ನೂ ಗಂಡು ಕೂಡಿ ಬಂದಿಲ್ಲ ಎಂದರು. ಹುಡುಗಿ ಎಷ್ಟು ಓದಿದ್ದಾಳೆ ಎಂದು ಇವರು ಸೌಜನ್ಯಕ್ಕೆ ಕೇಳಿದರು. ಅಜ್ಜಿಯ ಮುಖ ಅರಳಿತು. ಔಷಧಿ ಕೂಡ ಕೇಳದೆ ಎದ್ದು ಸರಸರನೆ ಹೊರಟುಹೋದರು. ನೋಡಿದೆಯಾ, ಮಾತಿನಲ್ಲೇ ಅರ್ಧ ನೋವು ಹೋಯಿತು ಎಂದು ನಮ್ಮವರು ನನ್ನ ಕಡೆ ತಿರುಗಿ ಬೀಗಿದರು.

ಆ ವಾರವೇ ಅಜ್ಜಿಯ ದೊಡ್ಡ ಮಗ ಜೀಪಿನಲ್ಲಿ ಬಂದಿಳಿದರು. ಕೈಯಲ್ಲಿ ಬಾಳೆಗೊನೆ. ಕೂತು, ಕಾಫಿ ಕುಡಿದು, ಮಳೆ ಬೆಳೆ ಎಲ್ಲ ಮಾತಾಡಿ, ಹುಡುಗ ನಿಮ್ಮ ತಮ್ಮನೋ ಅಥವಾ ಅಮ್ಮನವರ ತಮ್ಮನೋ ಎಂದು ಕೇಳಿದರು. ಹುಡುಗ ಯಾರೂ ಇಲ್ಲವೆಂದು ತಿಳಿಸಿ, ಬಾಳೆಗೊನೆಯನ್ನು ವಾಪಸು ಜೀಪಿಗೆ ಹತ್ತಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ನಮ್ಮವರಿಗೆ ಮಾತ್ರ ಏನೂ ಅನಿಸಲಿಲ್ಲ. ಜೀಪಿನ ತನಕ ಹೋಗಿ, ಅಜ್ಜಿಯ ಮೊಣಕಾಲು ಹೇಗಿದೆ ಎಂದು ವಿಚಾರಿಸಿದರು.

"ಅದೊಂದನ್ನು ನೀವು ಕೇಳಲೇ ಇಲ್ಲವಂತೆ" ಎಂದರು ಮಗ.

ಖಾಲಿ ಬಾಟಲಿ

ಆಗೆಲ್ಲ ಡಾಕ್ಟರ ಹತ್ತಿರ ಹೋಗುವವರು ಮಿಕ್ಸ್‌ಚರ್ ಎನ್ನುವ ನೀರೌಷಧಿಗೆ ತಮ್ಮದೇ ಬಾಟಲಿ ತೊಳೆದು ತರಬೇಕಿತ್ತು. ನಮ್ಮಲ್ಲಿಗೂ ತಂದರು. ಇವರು ಅರ್ಧ ಗಂಟೆ ಬುದ್ಧಿ ಹೇಳಿ ಬಾಟಲಿಯನ್ನು ಹಾಗೇ ಕೈಗೆ ಕೊಟ್ಟು ಕಳಿಸುತ್ತಿದ್ದರು. ಡಾಕ್ಟರ ಮನೆಯಿಂದ ಖಾಲಿ ಬಾಟಲಿ ಹಿಡಿದುಕೊಂಡು ರಸ್ತೆಯಲ್ಲಿ ಹೋಗುವುದಿದೆಯಲ್ಲ, ಮದುವೆಮನೆಯಿಂದ ಊಟವಿಲ್ಲದೆ ಬಂದ ಹಾಗೆ.

ಹೆಂಗಸರು ಹಿಂದಿನ ಬಾಗಿಲಿಗೆ ಬರತೊಡಗಿದರು. ಏನು ಬಂದಿರಿ ಎಂದರೆ, ಎಂತದೂ ಇಲ್ಲ ಅಕ್ಕ, ಸುಮ್ಮನೆ ಬಂದದ್ದು ಎನ್ನುತ್ತಿದ್ದರು. ಆ ಊರಿಗೆ ಬಂದ ಮೇಲೆ ನಾನು ಕಲಿತ ದೊಡ್ಡ ಪಾಠವೆಂದರೆ ಈ ಸುಮ್ಮನೆ. ನಿಜವಾಗಿ ಸುಮ್ಮನೆ ಬರುವವರು ಏನಾದರೊಂದು ನೆಪ ಹೇಳುತ್ತಾರೆ, ಹಾಲಿಗೆ ಹೆಪ್ಪು ಬೇಕು, ಸೂಜಿದಾರ ಬೇಕು ಎಂದು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಬಂದವರು ಮಾತ್ರ ಸುಮ್ಮನೆ ಎನ್ನುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಸೆರಗಿನಡಿಯಿಂದ ಬಾಟಲಿ ಹೊರಗೆ ಬರುತ್ತಿತ್ತು.

ಅವರ ಮುಖ ನೋಡಲಾರದೆ ನಾನು ಜೀರಿಗೆ, ಕೊತ್ತಂಬರಿ, ಶುಂಠಿ ಹಾಕಿ ಕುದಿಸಿದ ಕಷಾಯವನ್ನು ತುಂಬಿ ಕೊಡುತ್ತಿದ್ದೆ. ಹಬ್ಬದೂಟ ಹೊಟ್ಟೆಯಲ್ಲಿ ಕೂತಿದ್ದ ರೈಟರಿಗೂ ಒಂದು ಬಾಟಲಿ ಹೋಯಿತು. ಮುಂದಿನ ಕೋಣೆಯಲ್ಲಿ ಇವರು, ನೋಡು, ಬರೀ ಮಾತಿನಿಂದ ರೈಟರ ಹೊಟ್ಟೆ ಸರಿಯಾಯಿತು ಎಂದು ಹೇಳಿಕೊಂಡು ಓಡಾಡಿದರು. ನಾನು ಹೌದೌದು ಎಂದೆ.

ಅದಾಗಿ ಕೆಲವು ದಿನಕ್ಕೆ ಇವರದೇ ಹೊಟ್ಟೆ ಉಬ್ಬರಿಸಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದರು: "ರೈಟರಿಗೆ ಕೊಟ್ಟದ್ದು ಇನ್ನೂ ಸ್ವಲ್ಪ ಇದೆಯಾ?"

ನಡಿಗೆ

ರೈಟರ ಹೊಟ್ಟೆ ಸರಿಯಾದರೂ ಅದರ ಗಾತ್ರ ಸರಿಯಾಗಿರಲಿಲ್ಲ. ಬೆಳಿಗ್ಗೆ ಎದ್ದು ಸೇತುವೆಯವರೆಗೆ ನಡೆದು ಬನ್ನಿ ಎಂದು ನಮ್ಮವರು ಹೇಳಿದರು. ರೈಟರು ಹೇಳಿದ್ದನ್ನು ಮಾಡುವ ಮನುಷ್ಯ. ಕೊಡೆ ಹಿಡಿದು ಹೊರಟೇಬಿಟ್ಟರು.

ತೊಂದರೆಯಾದದ್ದು ದಾರಿಯ ಮನೆಗಳಿಂದ. ಎಲ್ಲಿಗೆ ಹೊರಟದ್ದು ಎಂದು ಕೇಳಿದರು. ರೈಟರು ಸುಮ್ಮನೆ ಎಂದರು. ಅವರ ವಯಸ್ಸಿನ ಮನುಷ್ಯ ಬೆಳಿಗ್ಗೆ ಬೆಳಿಗ್ಗೆ ಕೊಡೆ ಹಿಡಿದು ಸುಮ್ಮನೆ ಹೊರಡುತ್ತಾನೆಂದರೆ ಯಾರು ನಂಬುತ್ತಾರೆ? ಏನೋ ಹೇಳಲಿಕ್ಕೆ ಬಂದು ಹೇಳಲಾಗದೆ ಒದ್ದಾಡುತ್ತಿದ್ದಾರೆ ಎಂದುಕೊಂಡು ಒಳಗೆ ಕರೆದು ಕೂರಿಸಿದರು. ಬೆಲ್ಲದ ಕಾಫಿ ಕೊಟ್ಟರು, ಅಕ್ಕಿರೊಟ್ಟಿ ಕೊಟ್ಟರು, ಅವರು ಬಾಯಿ ಬಿಡಲೆಂದು ಎದುರಿಗೆ ಕೂತು ಕಾದರು. ಒಂದು ಮನೆಯವರಂತೂ ಹೆಂಡತಿಯೊಂದಿಗೆ ಜಗಳವಾಡಿ ಬಂದಿದ್ದಾರೆಂದು ತೀರ್ಮಾನಿಸಿ, ಸಮಾಧಾನ ಹೇಳಿ, ಮನೆಯವರೆಗೆ ಜೊತೆಗೆ ಬಂದು ಒಪ್ಪಿಸಿ ಹೋದರು.

ಎದುರಿಗೆ ಜನ ಹಾಗೆ ಕಾಯುತ್ತಾ ಕೂತಾಗ ಏನಾದರೂ ಹೇಳಲೇಬೇಕಲ್ಲ. ರೈಟರಿಗೆ ಇದ್ದ ವಿಷಯ ನಮ್ಮವರ ಮಾತೊಂದೇ. ಕೆಲಸವಿಲ್ಲದ ನಮ್ಮವರು ದಿನವಿಡೀ ಜಗಲಿಯ ಬೆಂಚಿನ ಮೇಲೆ ಕೂತು, ಬಸ್ಸಿಗೆ ಕಾಯುವವರಿಗೆ ನೀರು ಕುದಿಸಿ ಕುಡಿಯಿರಿ, ಜ್ವರ ಬಂದರೆ ಮೊದಲ ದಿನವೇ ತೋರಿಸಿ, ಬಸುರಿಯ ಕಾಲು ಊದಿದರೆ ಒಂದು ದಿನವೂ ಕಾಯಬೇಡಿ ಎಂದು ಹೇಳುತ್ತಿದ್ದರು. ರೈಟರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಮರುದಿನ ಅದನ್ನೇ ಅಕ್ಕಿರೊಟ್ಟಿಯ ಮಧ್ಯೆ ಮನೆಮನೆಗೆ ಹೇಳುತ್ತಿದ್ದರು.

ಬೆಂಚಿಗೆ ಬರುವವರನ್ನು ನಮ್ಮವರು ಲೆಕ್ಕಕ್ಕೇ ಹಿಡಿಯಲಿಲ್ಲ. ಇವರೆಲ್ಲ ಹರಟೆಗೆ ಬರುವವರು, ನನ್ನನ್ನು ನೋಡಿ ಎಂದು ಒಬ್ಬನೂ ಕೇಳುವುದಿಲ್ಲ ಎಂದು ಕೊರಗುತ್ತಿದ್ದರು. ಕಾಫಿ ಹೂ ಬಿಟ್ಟು ಮುಗಿಯಿತು. ಒಂದು ದಿನ ರೈಟರ ಹೆಂಡತಿ ಗಂಡನ ಬೆಲ್ಟು ಹಿಡಿದುಕೊಂಡು ಬಂದರು. ಒಳ್ಳೆಯ ಸುದ್ದಿಯೇ ಇರಬೇಕೆಂದು ಇವರು ಓಡಿಬಂದರು.

"ನಡಿಗೆ ಸಾಕು ಮಾಡಿಸಿ ಡಾಕ್ಟ್ರೇ. ಕೊನೆಯ ತೂತಿಗೂ ನಿಲುಕುವುದಿಲ್ಲ ಈಗ."

ಕುಶಾಲನಗರದ ಬೆಂಚು

ಮಳೆಯ ಮೋಡ ಕಟ್ಟುವ ಹೊತ್ತಿಗೆ ಇವರು ಮಾತಾಡುವುದನ್ನೇ ಕಡಿಮೆ ಮಾಡಿದರು. ಮಡಿಕೇರಿಗೆ ಹೋಗಿ ದೊಡ್ಡ ಡಾಕ್ಟರನ್ನು ಕಾಣಬೇಕು, ಬೋರ್ಡು ಇಳಿಸಬೇಕು ಎಂದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಹಟಮಾರಿ ನಿಜ, ಆದರೆ ಆ ಹಟದಲ್ಲಿ ಸ್ವಾರ್ಥವಿರಲಿಲ್ಲ.

ಅಷ್ಟರಲ್ಲಿ ಇವರಿಗೆ ಕುರುವೆದ್ದಿತು. ಎಲ್ಲಿ ಎಂದರೆ, ಮನುಷ್ಯ ಕೂರಬೇಕಾದ ಜಾಗದಲ್ಲಿ. ತಾವೇ ಕೊಯ್ದುಕೊಳ್ಳುವ ಹಾಗಿಲ್ಲ. ನನ್ನ ಕೈಗೆ ಚಾಕು ಕೊಡಲು ಧೈರ್ಯವಿಲ್ಲ. ಮಡಿಕೇರಿಗೆ ಹೋದರೆ ದೊಡ್ಡ ಡಾಕ್ಟರು ನಗುತ್ತಾರೆ. ರೋಗ ಬಾರದ ಹಾಗೆ ಮಾಡುವ ಡಾಕ್ಟರಿಗೇ ರೋಗ ಬಂತು ಎಂದು ಊರಿಗೆ ಗೊತ್ತಾದರೆ ಮುಗಿಯಿತು. ಕುಶಾಲನಗರದಲ್ಲಿ ಹಳೆಯ ಡಾಕ್ಟರೊಬ್ಬರಿದ್ದರು. ಸಂತೆಗೆಂದು ಹೇಳಿ, ಖಾಲಿ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆವು. ಕೂರಲು ಜಾಗವಿದ್ದರೂ ಇವರು ಕಂಬಿ ಹಿಡಿದು ನಿಂತೇ ಬಂದರು.

ಡಾಕ್ಟರ ಮನೆಯ ಜಗಲಿಗೆ ಕಾಲಿಟ್ಟು ನೋಡಿದರೆ ನಮ್ಮ ಬೆಂಚಿಗೆ ಬೆಂಚೇ ಅಲ್ಲಿದೆ. ರೈಟರಿದ್ದಾರೆ. ಕಂಬಳಿಯ ಮುದುಕನಿದ್ದಾನೆ. ಗುಡ್ಡದ ಮೇಲಿನ ಅಜ್ಜಿ ಇದ್ದಾರೆ, ಪಕ್ಕದಲ್ಲಿ ಅವರ ಕಿರಿಯ ಸೊಸೆ, ತುಂಬು ಬಸುರಿ. ಎಲ್ಲರ ತೊಡೆಯ ಮೇಲೂ ಖಾಲಿ ಸಂತೆಚೀಲ.

ನಮ್ಮನ್ನು ನೋಡಿ ಎಲ್ಲರೂ ಚೀಲ ಮಡಚಿಕೊಂಡರು. ಎಂತ ರೈಟರೇ ಬಂದದ್ದು ಎಂದು ನಮ್ಮವರೇ ಕೇಳಿದರು. ಸುಮ್ಮನೆ ಎಂದರು ರೈಟರು, ಕೆಮ್ಮುತ್ತಾ. ಮುದುಕನೂ ಸುಮ್ಮನೆ ಎಂದ. ನೀವೆಂತ ಬಂದದ್ದು ಎಂದು ಅವರು ಕೇಳಿದರು. ಇವರೂ ಸುಮ್ಮನೆ ಎಂದರು. ಎಲ್ಲರೂ ಒತ್ತಿಕೊಂಡು ಬೆಂಚಿನ ನಡುವೆ ಜಾಗ ಬಿಟ್ಟು, ಕೂತುಕೊಳ್ಳಿ ಡಾಕ್ಟ್ರೇ ಎಂದು ಉಪಚಾರ ಮಾಡಿದರು. ಬೇಡ, ನಿಂತರೇ ಆರೋಗ್ಯಕ್ಕೆ ಒಳ್ಳೆಯದು ಎಂದರು ನಮ್ಮವರು.

ಆದರೆ ಒಳಗೆ ನೊಂದುಕೊಂಡಿದ್ದರು. ನನ್ನ ಹತ್ತಿರ ಯಾಕೆ ಬರಲಿಲ್ಲ ಎಂದು ಕೇಳಿಯೇಬಿಟ್ಟರು. ರೈಟರಿಗೆ ನಿಜವಾಗಿ ಆಶ್ಚರ್ಯವಾಯಿತು.

"ರೋಗ ಬರುವ ಮುನ್ನ ಬನ್ನಿ ಅಂತ ಬರೆದದ್ದು ನೀವೇ ಅಲ್ವಾ? ಬರುವ ಮುನ್ನ ದಿನಾ ನಿಮ್ಮಲ್ಲಿಗೇ ಬಂದು ಕೂರುತ್ತೇವೆ. ಬಂದ ಮೇಲೆ ಹೇಗೆ ಬರುವುದು? ನಿಮ್ಮ ಮರ್ಯಾದೆ ಎಂತ ಆಗಬೇಕು?"

ಅಷ್ಟರಲ್ಲಿ ನಮ್ಮವರ ಕಣ್ಣು ಅಜ್ಜಿಯ ಸೊಸೆಯ ಕಾಲಿನ ಮೇಲೆ ನಿಂತಿತ್ತು. ಪಾದ ಊದಿತ್ತು. ಯಾವಾಗಿನಿಂದ ಎಂದು ಕೇಳಿದರು.

"ನಿನ್ನೆಯಿಂದ" ಎಂದರು ಅಜ್ಜಿ. "ಒಂದು ದಿನವೂ ಕಾಯಬಾರದು ಅಂತ ರೈಟರು ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುವಾಗ ಹೇಳಿದ್ದು. ಹಾಗೆ ಕರೆದುಕೊಂಡು ಬಂದೆ."

ನಮ್ಮವರು ಗೋಡೆಯ ಕಡೆ ತಿರುಗಿ ನಿಂತರು. ಆ ಗಾಡಿಯಲ್ಲಿ ಬಂದವಳನ್ನು ನಾನು ನೋಡಿರಲಿಲ್ಲ, ಆದರೂ ನನಗೂ ಆ ಕ್ಷಣ ಅವಳೇ ನೆನಪಾದಳು. ಮೊದಲು ಈ ಹುಡುಗಿಯನ್ನು ನೋಡಿ ಎಂದು ಇವರೇ ಒಳಗೆ ಕಳಿಸಿದರು. ಸಮಯಕ್ಕೆ ಸರಿಯಾಗಿ ಬಂದಿದ್ದಾಳೆ, ಭಯವಿಲ್ಲ ಎಂದು ಹಳೆಯ ಡಾಕ್ಟರು ಹೇಳುವವರೆಗೆ ಬಾಗಿಲ ಹತ್ತಿರದಿಂದ ಕದಲಲಿಲ್ಲ.

ಆಮೇಲೆ ಇವರ ಸರದಿ. ಇವರು ಬೋರಲು ಮಲಗಿ ಹಲ್ಲು ಕಚ್ಚಿಕೊಂಡಿದ್ದಾಗ ಹಳೆಯ ಡಾಕ್ಟರು ಕೆಲಸ ಮಾಡುತ್ತಲೇ ಮಾತಾಡಿದರು. ನಿಮ್ಮ ಊರಿನವರನ್ನು ಮೊದಲೆಲ್ಲ ಚಾಪೆಯಲ್ಲಿ ಹೊತ್ತು ತರುತ್ತಿದ್ದರು, ಈ ವರ್ಷ ಎಲ್ಲರೂ ನಡೆದು ಬರುತ್ತಿದ್ದಾರೆ, ಜ್ವರ ಬಂದ ಮರುದಿನವೇ ಬಂದು ನಿಲ್ಲುತ್ತಾರೆ, ಅಂಥದ್ದೇನು ಮಾಡಿದಿರಿ ಮಾರಾಯ್ರೇ ಎಂದರು.

"ಏನೂ ಮಾಡಲಿಲ್ಲ" ಎಂದರು ನಮ್ಮವರು, ದಿಂಬಿನೊಳಗಿಂದ. "ವರ್ಷವಿಡೀ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ."

"ಅದು ಇಲ್ಲಿ ಕಾಣಿಸುತ್ತಿದೆ" ಎಂದು ಅವರು ಹತ್ತಿ ಒತ್ತಿದರು.

ವಾಪಸು ಬರುವಾಗಲೂ ಇವರು ನಿಂತೇ ಬಂದರು. ಆದರೆ ಮಡಿಕೇರಿಯ ಮಾತು ಎತ್ತಲಿಲ್ಲ, ಬೋರ್ಡು ಇಳಿಸುವ ಮಾತೂ ಎತ್ತಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಬೇಕು, ಬಂದ ಮೇಲೂ ಬನ್ನಿ ಅಂತ ಎಂದರು.

ಮಳೆ ಹಿಡಿಯುವ ಹಿಂದಿನ ದಿನ ಬೆಳಿಗ್ಗೆ ರೈಟರು ಎಂದಿನಂತೆ ಜಗಲಿಗೆ ಬಂದರು. ಕೆಮ್ಮು ವಾಸಿಯಾಗಿತ್ತು. ನಮ್ಮವರು ಕಂಬಕ್ಕೆ ಒರಗಿ ನಿಂತಿದ್ದರು, ಗಾಯ ಇನ್ನೂ ಹಸಿ. ಎಂತ ಬಂದದ್ದು ಎಂದು ಇವರು ಅಭ್ಯಾಸಬಲದಿಂದ ಕೇಳಿದರು. ರೈಟರು ಕೊಡೆ ಮಡಚಿ ಮೂಲೆಗಿಟ್ಟರು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ನನಗೆ ಎಂತದೂ ಇಲ್ಲ ಡಾಕ್ಟ್ರೇ. ಸುಮ್ಮನೆ ಒಮ್ಮೆ ನೋಡಿ."

ಆ ಸಂತೋಷದಲ್ಲಿ ಎಲ್ಲ ಮರೆತು ನಮ್ಮವರು ಬೆಂಚಿನ ಮೇಲೆ ಕೂತುಬಿಟ್ಟರು.