ಬುದ್ಧಿ ಹೇಳದ ಕಾಕಾ

ಹದಿನಾರರ ಹುಡುಗರನ್ನು ಕಂಡೂ ಬುದ್ಧಿ ಹೇಳದೆ ಮುಂದೆ ಹೋಗುವ ಹಿರಿಯರು ನಮ್ಮ ಹಾನಗಲ್ಲ ತಾಲೂಕಿನಲ್ಲಿ ಯಾರಾದರೂ ಇದ್ದಾರೆಯೇ? ಇದ್ದಾರೆ, ಒಬ್ಬನೇ ಒಬ್ಬ. ಅವನು ನಮ್ಮ ಕಾಕಾ, ನನ್ನ ಅಪ್ಪನ ತಮ್ಮ. ಅಕ್ಕಿಆಲೂರಿನಲ್ಲಿ ಅವನದೊಂದು ಅಕ್ಕಿ ಗಿರಣಿ. ಭತ್ತ ತಂದವರಿಗೆ ಅಕ್ಕಿ ಮಾಡಿ ಕೊಡುತ್ತಾನೆ, ಎಮ್ಮೆ ಕಟ್ಟಿದವರಿಗೆ ತೌಡು ಕೊಡುತ್ತಾನೆ, ಬಂದವರಿಗೆಲ್ಲ ಚಹಾ ಕುಡಿಸುತ್ತಾನೆ. ಬುದ್ಧಿಮಾತು ಮಾತ್ರ ಯಾರಿಗೂ ಕೊಟ್ಟವನಲ್ಲ.

ಇಷ್ಟೇ ಆಗಿದ್ದರೆ ಪುಣ್ಯವಂತ ಎಂದು ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ ಈ ಮನುಷ್ಯ ಪುಸ್ತಕ ಬೇರೆ ಬರೆಯುತ್ತಾನೆ. ಅದೂ ಹದಿಹರೆಯದ ಹುಡುಗ ಹುಡುಗಿಯರಿಗಾಗಿ, ಬದುಕಿನ ಕಷ್ಟದ ಆಯ್ಕೆಗಳ ಬಗ್ಗೆ. ಬುದ್ಧಿ ಹೇಳದೆ ಅಂಥ ಪುಸ್ತಕ ಬರೆಯುವುದೆಂದರೆ ಉಪ್ಪಿಲ್ಲದೆ ಉಪ್ಪಿನಕಾಯಿ ಹಾಕಿದ ಹಾಗಲ್ಲವೇ? ನಾನೂ ಒಮ್ಮೆ ಕೇಳಿದ್ದೆ.

"ನಾ ಕತಿ ಹೇಳ್ತೇನಿ. ಹುಡುಗಿ ಎರಡ ದಾರಿ ಕೂಡೋ ಜಾಗಾಕ್ಕ ಬಂದು ನಿಲ್ತಾಳ. ಅಲ್ಲಿಗೆ ನನ್ನ ಕೆಲಸ ಮುಗೀತು," ಎಂದ.

"ಆಮ್ಯಾಲ ಆಕಿ ಯಾ ಕಡೆ ಹೋದ್ಲು?"

"ಅದನ್ನ ಓದಿದವ್ರು ಹೇಳಬೇಕು. ನಾ ಯಾರವ್ವಾ ಹೇಳಾಕ?"

ಅವನ ಪುಸ್ತಕಗಳೆಲ್ಲ ಹೀಗೆಯೇ. ಪರೀಕ್ಷೆಯಲ್ಲಿ ಗೆಳತಿ ಚೀಟಿ ತೆಗೆದದ್ದನ್ನು ಕಂಡ ಹುಡುಗಿ, ಹೇಳಲೋ ಬಿಡಲೋ ಎಂದು ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾಳೆ, ಪುಸ್ತಕ ಮುಗಿಯುತ್ತದೆ. ಕಬಡ್ಡಿ ತಂಡಕ್ಕೆ ಆಯ್ಕೆಯಾದವಳಿಗೆ ಪಂದ್ಯದ ದಿನವೇ ಅಕ್ಕನ ಮದುವೆ, ಪುಸ್ತಕ ಮುಗಿಯುತ್ತದೆ. ಗಿರಣಿಯ ಲಾಭದಲ್ಲಿ ಅಚ್ಚು ಹಾಕಿಸಿ ಹಾನಗಲ್ಲ, ಸವಣೂರು, ಶಿಗ್ಗಾಂವಿಯ ಶಾಲೆಗಳಿಗೆ ತಾನೇ ಹೊತ್ತು ಹಂಚುತ್ತಾನೆ.

ಈ ಹುಚ್ಚು ಯಾಕೆ ಹತ್ತಿತು ಎಂದರೆ ಅದಕ್ಕೆ ಅವನದು ಒಂದೇ ಉತ್ತರ. ಅವನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ಅಜ್ಜ ಒಂದು ಮುಂಜಾನೆ ಗಿರಣಿಯ ಕೀಲಿಕೈ ಕೊಟ್ಟು, "ನಾಳಿಂದ ನೀ ಕುಂಡ್ರು" ಎಂದನಂತೆ. ಕಾಕಾ ಕುಳಿತ. "ನನ್ನ ಬಾಳೇನ ಕೆಟ್ಟಿಲ್ಲ. ಅಕ್ಕಿ ವಾಸನಿ ನನಗ ಸೇರ್ತದ. ಆದ್ರ ಯಾರೂ ಕೇಳಲಿಲ್ಲ ನೋಡು, ಅಷ್ಟ," ಎನ್ನುತ್ತಾನೆ. ಸಿಟ್ಟಿಲ್ಲ, ದುಃಖವಿಲ್ಲ. ಹೇಳಿ ಮುಗಿಸಿ ಭತ್ತದ ಚೀಲ ಎತ್ತುತ್ತಾನೆ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದರ ಪರೀಕ್ಷೆ ನಡೆಯುವುದು ಬಸ್ಸಿನಲ್ಲಿ. ಮುಂಜಾನೆ ಕಾಲೇಜು ಹುಡುಗರು ತುಂಬಿದ ಹಾನಗಲ್ಲ ಬಸ್ಸು ಹತ್ತಿ, ಪಕ್ಕದಲ್ಲಿ ಕುಳಿತವರಿಗೆ ಹೊಸ ಕಥೆ ಓದಿ ಹೇಳುತ್ತಾನೆ. ಪಕ್ಕದವರಿಗೆ ಎನ್ನುವುದು ಹೆಸರಿಗೆ ಮಾತ್ರ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದ ಗಂಟಲು ಅದು, ಡ್ರೈವರನಿಗೂ ಕೇಳುತ್ತದೆ. ಆ ಚೀಟಿಯ ಕಥೆ ಓದಿದ ದಿನ ನಾನೂ ಬಸ್ಸಿನಲ್ಲಿದ್ದೆ. ಹಾನಗಲ್ಲ ಸ್ಟ್ಯಾಂಡ್ ಬಂದರೂ ಒಬ್ಬರೂ ಇಳಿಯಲಿಲ್ಲ.

"ಇಳೀರಿ, ಸ್ಟ್ಯಾಂಡ್ ಬಂತು," ಎಂದ ಕಂಡಕ್ಟರ್, ತಾನೇ ಕಾಕಾನ ಕಡೆ ಬಗ್ಗಿ, "ಹೇಳಿದ್ಲೇನ್ರಿ ಕಡೀಕ?" ಎಂದ.

"ನೀವ ಹೇಳ್ರಿ," ಎಂದ ಕಾಕಾ.

"ಹೇಳಾಕ ಬೇಕು ಬಿಡ್ರಿ. ತಪ್ಪ ಅಂದ್ರ ತಪ್ಪ."

ಡ್ರೈವರ್ ಎಂಜಿನ್ ಬಂದ್ ಮಾಡಿ ತಿರುಗಿದ. "ಗೆಳತೀನ ಹಿಡದ ಕೊಡೂದು ಯಾವ ಸೀಮಿ ನ್ಯಾಯ?"

ಬಸ್ಸು ಎರಡು ಪಕ್ಷವಾಯಿತು. ಹುಡುಗಿಯರು ಒಂದು ಕಡೆ, ಹುಡುಗರು ಒಂದು ಕಡೆ ಎಂದುಕೊಂಡೀರಿ. ಹಾಗಲ್ಲ, ಒಂದೇ ಸೀಟಿನಲ್ಲಿ ಕುಳಿತ ಜೀವದ ಗೆಳತಿಯರೇ ಬೇರೆ ಬೇರೆ ಪಕ್ಷ! ಕಾಕಾ ಬಾಯಿಗೆ ಬೀಗ ಹಾಕಿಕೊಂಡು ಎಲ್ಲರ ಮುಖ ನೋಡುತ್ತಿದ್ದ. ಕೊನೆಗೆ ಬದನೆಕಾಯಿ ಬುಟ್ಟಿ ಹಿಡಿದ ಒಬ್ಬ ಮುದುಕಿ ಎದ್ದು, "ಅಲ್ಲಾ, ಇಷ್ಟ ಮಂದಿ ಮಾತಾಡಾಕತ್ತೀರಿ. ಆ ಹುಡುಗಿ ಅವ್ವಗ ಯಾರರ ಸುದ್ದಿ ಮುಟ್ಟಿಸೀರೇನು?" ಎಂದಳು.

ಅಚ್ಚಿನ ಮನೆಯ ಕಥೆ ಇನ್ನೊಂದು. ಅಚ್ಚು ಹಾಕುವ ಮಾಲೀಕರು ಒಳ್ಳೆಯ ಮನುಷ್ಯರು. ಕಬಡ್ಡಿ ಪುಸ್ತಕದ ಕೊನೆಯ ಪುಟವೇ ಕಳೆದುಹೋಗಿದೆ ಎಂದು ಅವರಿಗೆ ಗಾಬರಿಯಾಯಿತು. ಕಾಕಾನ ಫೋನು ಹತ್ತಲಿಲ್ಲ. ಪಾಪ, ಗಿರಾಕಿಗೆ ಲುಕ್ಸಾನ ಆಗಬಾರದು ಎಂದು ತಾವೇ ಎರಡು ಸಾಲು ಸೇರಿಸಿದರು: "ಕೊನೆಗೆ ಅವಳು ಹಿರಿಯರ ಮಾತಿನಂತೆ ನಡೆದು ಸುಖವಾಗಿ ಬಾಳಿದಳು. ನೀವೂ ಹಾಗೆಯೇ ಬಾಳಿರಿ."

ಕಾಕಾ ಅದನ್ನು ಓದಿದಾಗ ಅವನ ಮುಖ ನೋಡಬೇಕಿತ್ತು. ಅಷ್ಟೂ ಪ್ರತಿಗಳನ್ನು ಗಿರಣಿಗೆ ತಂದು, ನಾನು, ಚಿಗವ್ವ, ಅವನು ಕುಳಿತು ಒಂದೊಂದಕ್ಕೂ ಕಪ್ಪು ಮಸಿ ಬಳಿದೆವು. ಚಿಗವ್ವ, ಅಂದರೆ ಅವನ ಹೆಂಡತಿ, ಮಸಿ ಬಳಿಯುತ್ತಲೇ, "ಸುಖವಾಗಿ ಬಾಳಿದ್ಲು ಅಂದ್ರ ಏನ ತಪ್ಪೈತ್ರಿ? ಬಾಳ್ಲಿ ಬಿಡ್ರಿ ಆಕಿ," ಎಂದು ಗೊಣಗುತ್ತಿದ್ದಳು. ಪುಸ್ತಕ ಶಾಲೆಗಳಿಗೆ ಹೋಯಿತು. ಮಸಿಯ ಕೆಳಗೆ ಏನಿದೆ? ಹುಡುಗರು ಬಿಸಿಲಿಗೆ ಹಿಡಿದು ನೋಡಿದರು, ಉಗುರಿನಿಂದ ಕೆರೆದರು. ಮುಚ್ಚಿಡುವಂಥದ್ದು ಏನೋ ಇದೆ ಎಂದ ಮೇಲೆ ಬಿಟ್ಟಾರೆಯೇ? ಅವನ ಪುಸ್ತಕಗಳಲ್ಲೆಲ್ಲ ಹೆಚ್ಚು ಕೈ ಬದಲಾದದ್ದು ಅದೇ.

ಬೈಯಲು ಬಂದವರೂ ಇದ್ದಾರೆ. ಸವಣೂರಿನಿಂದ ಎಲೆಬಳ್ಳಿಯ ತೋಟದ ಯಜಮಾನರೊಬ್ಬರು ಗಿರಣಿಯ ಮುಂದೆ ಮೋಟರ್‌ಸೈಕಲ್ ನಿಲ್ಲಿಸಿದರು. ಮಗನನ್ನು ಎಂಜಿನಿಯರ್ ಮಾಡಬೇಕೆಂದಿದ್ದರಂತೆ. ಅವನು ಕಾಕಾನ ಪುಸ್ತಕ ಓದಿ, ತೋಟವನ್ನೇ ಮಾಡುತ್ತೇನೆ ಎಂದು ಕುಳಿತಿದ್ದಾನೆ.

"ತ್ವಾಟಾ ಮಾಡಂತ ಬರದೀರೇನ್ರಿ ನೀವು?"

"ಇಲ್ರಿ. ಬರ್ರಿ, ಕುಂಡ್ರಿ, ಓದಿ ನೋಡ್ರಿ," ಎಂದು ಕಾಕಾ ಪುಸ್ತಕ ಕೈಗಿತ್ತ.

ಅವರು ಮೊದಲು ನಿಂತು ಓದಿದರು, ಆಮೇಲೆ ಚೀಲದ ಮೇಲೆ ಕುಳಿತು ಓದಿದರು. ತಾವೇ ತಂದಿದ್ದ ಸವಣೂರ ಖಾರಾದ ಪೊಟ್ಟಣ ಬಿಚ್ಚಿ ತಿನ್ನುತ್ತ ಓದಿದರು. ಮುಗಿದ ಮೇಲೆ ಎರಡು ಸಲ ಹಾಳೆ ತಿರುವಿದರು.

"ಮುಂದ ಏನಾತ್ರಿ?"

"ನಿಮಗೇನ ಅನಸ್ತೈತ್ರಿ?"

ಅವರು ಪುಸ್ತಕ ಮುಚ್ಚಿ ಕಾಕಾನ ಕೈಗಿಟ್ಟು, "ಹುಡುಗನ್ನ ಕೂರಿಸಿ ಒಮ್ಮಿ ಮಾತಾಡ್ತೇನ್ರಿ. ನಾ ಬರೇ ಹೇಳೇನಿ, ಮಾತಾಡಿಲ್ಲ," ಎಂದು ಎದ್ದು ಹೋದರು. ಬೈಯಬೇಕೆಂದು ಬಂದದ್ದು ಮರೆತೇಹೋಗಿತ್ತು. ಖಾರಾದ ಪೊಟ್ಟಣವೂ.

ಇಷ್ಟು ಹೊತ್ತು ನಗುತ್ತ ಹೇಳಿದೆ. ಇನ್ನು ನಮ್ಮ ಮನೆಯ ಮಾತು.

ನಾನು ಕೆಲಸದ ಮೇಲೆ ಇರುವುದು ಶಿಗ್ಗಾಂವಿಯಲ್ಲಿ. ನನ್ನ ಗಂಡನ ಅಂಗಡಿ ಹಿರೇಕೆರೂರಿನಲ್ಲಿ. ಹೋದ ವರ್ಷ ನಾವಿಬ್ಬರೂ ಬೇರೆಯಾಗಲು ನಿರ್ಧರಿಸಿದೆವು. ದೊಡ್ಡ ಜಗಳವೇನಲ್ಲ, ಜಗಳವಾಡುವಷ್ಟು ಮಾತೂ ನಮ್ಮ ನಡುವೆ ಉಳಿದಿರಲಿಲ್ಲ. ಮಗಳು ಹತ್ತನೆಯ ತರಗತಿ. ಯಾರ ಹತ್ತಿರ ಇರಬೇಕು? ದೊಡ್ಡವಳಾಗಿದ್ದಾಳೆ, ಅವಳೇ ಆರಿಸಲಿ ಎಂದು ಇಬ್ಬರೂ ಒಪ್ಪಿದೆವು. ಅದೇ ನ್ಯಾಯ ಎಂದು ನಂಬಿದ್ದೆವು. ನನ್ನ ಕಡೆಯವರು ಅವಳಿಗೆ ಫೋನು ಮಾಡಿ, "ಅವ್ವನ್ನ ಬಿಟ್ಟು ಹೆಂಗಿರ್ತಿ?" ಎಂದರು. ಅವರ ಕಡೆಯವರು, "ಅಪ್ಪಗ ಯಾರು ದಿಕ್ಕು?" ಎಂದರು. ಹುಡುಗಿ ಮಾತು ಬಿಟ್ಟಳು. ತಟ್ಟೆಯ ಮುಂದೆ ಕುಳಿತರೆ ಅನ್ನ ಕೆದಕಿ ಏಳುತ್ತಿದ್ದಳು.

ಕಾಕಾನಿಗಿಂತ ತಕ್ಕವರು ಯಾರು ಎಂದುಕೊಂಡು ಅವಳನ್ನು ಅಕ್ಕಿಆಲೂರಿಗೆ ಕರೆದೊಯ್ದೆ. "ಕಾಕಾ, ನಿನ್ನ ಪುಸ್ತಕದಾಗ ಮಾಡ್ತೀಯಲ್ಲ, ಹಂಗ ಈಕಿ ಜೋಡಿ ಮಾತಾಡು. ಈಕಿ ತಾನ ಆರಿಸ್ಲಿ," ಎಂದೆ.

ಕಾಕಾ ಅವಳ ಮುಖ ನೋಡಿದ. ಹೋಗಿ ಗಿರಣಿ ನಿಲ್ಲಿಸಿ ಬಂದು ಅವಳ ಪಕ್ಕ ಕುಳಿತ. "ಏನಾಗೇತಿ ಮಗಾ?"

"ಅಜ್ಜಾ, ಯಾರ ಹೆಸರು ಹೇಳಿದ್ರೂ ಇನ್ನೊಬ್ರನ್ನ ನಾನ ಬ್ಯಾಡ ಅಂದಂಗ ಆಕ್ಕೈತಿ," ಎಂದಳು.

ಕಾಕಾ ಎದ್ದ. ನನ್ನ ಗಂಡನಿಗೆ ತಾನೇ ಫೋನು ಮಾಡಿ, "ಅಂಗಡಿ ಮುಚ್ಚಿ ಈಗ ಬಾ," ಎಂದ. ಮಧ್ಯಾಹ್ನದ ಹೊತ್ತಿಗೆ ಅವರು ಬಂದರು. ನಮ್ಮಿಬ್ಬರನ್ನೂ ಒಳಕೋಣೆಯಲ್ಲಿ ಕೂರಿಸಿ, ಚಿಗವ್ವನಿಗೆ ಬಾಗಿಲು ಎಳೆದುಕೊಳ್ಳಲು ಹೇಳಿ, "ನೀವಿಬ್ರೂ ತಪ್ಪ ಮಾಡಾಕತ್ತೀರಿ," ಎಂದ. ಕಾಕಾನ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

"ಹುಡುಗರು ತಾವ ಆರಿಸ್ಬೇಕು ಅಂತ ಬರಿಯಾಂವ ನೀನ ಅಲ್ಲೇನು, ಕಾಕಾ?" ಎಂದೆ.

"ಹೌದು. ತಮ್ಮ ಬಾಳಿನ ಮಾತು ತಾವ ಆರಿಸ್ಲಿ. ಇದು ನಿಮ್ಮ ಬಾಳಿನ ಮಾತು. ಬ್ಯಾರೆ ಆಗಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಆದ್ರ ಅವ್ವ-ಅಪ್ಪನ್ನ ತೂಗೋ ತಕ್ಕಡಿ ಆ ಕೂಸಿನ ಕೈಯಾಗ ಕೊಡಬ್ಯಾಡ್ರಿ. ನೀವ ಕೂತು ಮುಗಿಸ್ರಿ. ಮುಗಿಯೂತನ ಏಳಬ್ಯಾಡ್ರಿ."

ನಾವು ಕುಳಿತೆವು. ಎಷ್ಟೋ ತಿಂಗಳ ಮೇಲೆ ಎದುರು ಬದುರು ಮಾತಾಡಿದೆವು. ನನ್ನ ಗಂಡ ಅತ್ತರು, ನಾನೂ ಅತ್ತೆ. ಶಾಲೆ ಮುಗಿಯುವವರೆಗೆ ಶಿಗ್ಗಾಂವಿ, ರಜೆಯೆಲ್ಲ ಹಿರೇಕೆರೂರು, ಅಪ್ಪನಿಗೆ ನೋಡಬೇಕೆನಿಸಿದಾಗ ನಮ್ಮ ಬಾಗಿಲು ತೆರೆದಿರಬೇಕು. ವಕೀಲರಿಗೂ ಹಾಗೆಯೇ ಬರೆದು ಕೊಡುವುದೆಂದಾಯಿತು. ಬೇಕೆಂದದ್ದು ಇಬ್ಬರಿಗೂ ಪೂರ್ತಿ ಸಿಗಲಿಲ್ಲ. ಇಬ್ಬರೂ ಒಪ್ಪಿದೆವು.

ಮಗಳು ಗಿರಣಿಯೊಳಗೆ ಚೀಲಗಳ ಮೇಲೆ ಕುಳಿತಿದ್ದಳು. ಕಾಕಾ ಅವಳ ಪಕ್ಕ ಕುಳಿತು, "ಅವ್ವ, ಅಪ್ಪ ಕೂತು ಮುಗಿಸ್ಯಾರ. ಇನ್ನ ನಿನಗ ಯಾರೂ ಏನೂ ಕೇಳಂಗಿಲ್ಲ. ಸೇರಲಿಲ್ಲ ಅಂದ್ರ ಅವರ ಮ್ಯಾಲ ಸಿಟ್ಟಾಗು, ಬೇಕಾದ್ರ ನನ್ನ ಮ್ಯಾಲೂ," ಎಂದ.

ಏನು ಮುಗಿಸಿದರು ಎಂದು ಅವಳು ಕೇಳಲೇ ಇಲ್ಲ. ಅವನ ತೊಡೆಯ ಮೇಲೆ ತಲೆಯಿಟ್ಟು, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಕಾಕಾ ತೌಡಿನ ಕೈಯನ್ನು ಧೋತರಕ್ಕೆ ಒರೆಸಿ ಒರೆಸಿ, ಆಮೇಲೆ ಅವಳ ತಲೆಯ ಮೇಲೆ ಇಟ್ಟ. ಅಳುತ್ತ ಅಳುತ್ತ ಅವಳಿಗೆ ಅಲ್ಲೇ ನಿದ್ದೆ ಹತ್ತಿತು.

ಅಷ್ಟರಲ್ಲಿ ಭತ್ತ ತಂದವರು ಬಾಗಿಲಿಗೆ ಬಂದರು. ಕಾಕಾ ತುಟಿ ಬಿಚ್ಚದೆ, ಗಿರಣಿ ಈಗಿಲ್ಲ ಎಂದು ಕೈಸನ್ನೆ ಮಾಡಿದ. ಅವರು ಒಳಗೆ ಇಣುಕಿ ಮಲಗಿದವಳನ್ನು ನೋಡಿದರು. ಹೆಗಲ ಮೇಲಿನ ಚೀಲಗಳನ್ನು ಸದ್ದಾಗದ ಹಾಗೆ ಇಳಿಸಿ, ಹೊರಗೆ ಕಟ್ಟೆಯ ಮೇಲೆ ಕುಳಿತರು.