ಗೋಲಿಗಿಂತ ಮೊದಲು ಕನ್ನಡ

ಬೇರೆಯವರ ಮನೆಯ ಜಗಳದಲ್ಲಿ ಪಕ್ಷ ವಹಿಸುವುದರಷ್ಟು ಸುಖ ಇನ್ನೊಂದಿಲ್ಲ. ನಮ್ಮದೇನೂ ಖರ್ಚಾಗುವುದಿಲ್ಲ, ಆವೇಶ ಮಾತ್ರ ಪೂರ್ತಿ ಸಿಗುತ್ತದೆ. ಅಮೆರಿಕದ ಜರ್ಸಿ ಸಿಟಿಯ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನ ಮಾರ್ಸೆಲ್‌ಗೆ ಅಂಥದೊಂದು ಜಗಳವಿತ್ತು. ಅವನು ಕೆನಡಾದ ಮಾಂಟ್ರಿಯಲ್‌ನವನು, ಮಾತೃಭಾಷೆ ಫ್ರೆಂಚ್, ಧರ್ಮ ಐಸ್ ಹಾಕಿ. ತನ್ನೂರಿನ ತಂಡ ಫ್ರೆಂಚ್ ಮಾತಾಡುವ ಸ್ಥಳೀಯ ಹುಡುಗರಿಗೆ ಮೊದಲ ಮಣೆ ಹಾಕುವುದಿಲ್ಲ ಎಂಬುದು ಅವನ ಸಂಕಟ. "ಗೋಲು ಹೊಡೆದವನು ನಮ್ಮಜ್ಜಿಗೆ ಅರ್ಥವಾಗುವ ಹಾಗೆ ಎರಡು ಮಾತಾಡದಿದ್ದರೆ ಅದು ಯಾರ ಗೋಲು?" ಎಂದು ಸ್ಯಾಂಡ್‌ವಿಚ್ ಕೆಳಗಿಟ್ಟು ಕೇಳುತ್ತಿದ್ದ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಓಡುವ ಆ ಕಪ್ಪು ಬಿಲ್ಲೆ ಎಲ್ಲಿದೆಯೆಂದೇ ನನಗೆ ಕಾಣುವುದಿಲ್ಲ. ಆದರೂ ನನ್ನ ಮೈಸೂರಿನ ರಕ್ತ ಕುದಿಯಿತು.

ಕುದಿದ ರಕ್ತವನ್ನು ಸುರಿಯಲು ಜಾಗವೂ ಸಿಕ್ಕಿತು. ಮಾರಿಸ್‌ಟೌನಿನ ನಮ್ಮ ಕನ್ನಡ ಬಳಗ ಆ ಬೇಸಿಗೆಯಲ್ಲಿ ಗುಜರಾತಿ ಗೆಳೆಯರ ತಂಡದೊಂದಿಗೆ ಹಾಕಿ ಪಂದ್ಯ ಆಡುವುದೆಂದು ನಿಶ್ಚಯವಾಗಿತ್ತು. ಮಂಜುಗಡ್ಡೆಯ ಬದಲು ಶಾಲೆಯ ಪಾರ್ಕಿಂಗ್ ಲಾಟು, ಸ್ಕೇಟಿನ ಬದಲು ಶೂ, ಬಿಲ್ಲೆಯ ಬದಲು ಚೆಂಡು. ಆಟಗಾರರನ್ನು ಆರಿಸುವ ಕೆಲಸ ನನಗೆ ಬಿತ್ತು. "ಕನ್ನಡ ಮಾತಾಡುವವರಿಗೇ ಆದ್ಯತೆ" ಎಂದು ಘೋಷಿಸಿದೆ. ಬಳಗದ ಅಧ್ಯಕ್ಷೆ, ಧಾರವಾಡದ ಡಾಕ್ಟರ್ ಗಿರಿಜಕ್ಕ ಕನ್ನಡಕ ಸರಿಮಾಡಿಕೊಂಡು, "ಅಲ್ರೀ, ನಮಗ ಗೋಲ್ ಹೊಡಿಯೋರು ಬೇಕೋ, ಭಾಷಣ ಮಾಡೋರು ಬೇಕೋ?" ಎಂದರು. ನಾನು ಮಾರ್ಸೆಲ್‌ನ ಅಜ್ಜಿಯನ್ನು ಕನ್ನಡಕ್ಕೆ ತಂದು ಒಂದು ಭಾಷಣವನ್ನೇ ಮಾಡಿದೆ. ಚಪ್ಪಾಳೆ ಬಿತ್ತು. ಗಿರಿಜಕ್ಕ ಚಪ್ಪಾಳೆ ತಟ್ಟಲಿಲ್ಲ.

ಆಯ್ಕೆಯ ದಿನ ಒಬ್ಬೊಬ್ಬರನ್ನೂ ಕನ್ನಡದಲ್ಲಿ ಮಾತಾಡಿಸಿದೆ. ನನ್ನ ಮಗಳು ನಿಧಿಯೂ ಬಂದು ನಿಂತಳು. ಅವಳು ಹೈಸ್ಕೂಲಿನ ಹಾಕಿ ತಂಡದಲ್ಲಿ ಆಡುವವಳು. ಕೋಲು ಹಿಡಿದರೆ ಗಾಳಿ. "ಹಾಕಿ ಯಾಕಮ್ಮ ಇಷ್ಟ?" ಎಂದೆ. "ಬಿಕಾಸ್ ಇಟ್ಸ್ ಫನ್, ಅಪ್ಪ" ಎಂದಳು. "ಕನ್ನಡದಲ್ಲಿ ಹೇಳು." ಅವಳು ಆಕಾಶ ನೋಡಿದಳು, ಶೂ ನೋಡಿಕೊಂಡಳು, "ಐ ನೋ ಇಟ್, ಬಟ್ ಇಟ್ ವೋಂಟ್ ಕಮ್ ಔಟ್" ಎಂದಳು. ನ್ಯಾಯಕ್ಕೆ ಮಗಳೇನು, ಹೊರಗಿನವರೇನು? ಅವಳನ್ನು ಬಿಟ್ಟೆ. ಅಂದು ಮನೆಯಲ್ಲಿ ನನ್ನ ಹೆಂಡತಿ ಸುಧಾ ಸಾರನ್ನು ಬಡಿಸಲಿಲ್ಲ, ಪಾತ್ರೆಯನ್ನೇ ನನ್ನ ಕಡೆ ತಳ್ಳಿದಳು. ನಿಧಿ ಹಾಕಿ ಕೋಲನ್ನು ಮೂಲೆಗೆ ಒರಗಿಸಿ ಕೋಣೆಗೆ ಹೋದಳು. ಅದೇ ಹೆಚ್ಚು ಚುಚ್ಚಿತು.

ಪಂದ್ಯಕ್ಕೆ ಮಾರ್ಸೆಲ್‌ನನ್ನೂ ಕರೆದಿದ್ದೆ. ನಾನೂ ಆಡುತ್ತಿದ್ದ ನಮ್ಮ ತಂಡದ್ದು ಅಪ್ಪಟ ಕನ್ನಡ. ಮೊಣಕಾಲುಗಳು ಮಾತ್ರ ಸ್ವಲ್ಪ ಹಳೆಯವು. ಚೆಂಡು ಗೋಲಿನ ಮುಂದೆ ಬಂದಾಗ ಶ್ರೀಧರರಾಯರು, "ನೀವು ಹೊಡೀರಿ" ಎಂದರು. ಮೂರ್ತಿಗಳು, "ಛೆ ಛೆ, ಹಿರಿಯರು ನೀವಿದ್ದೀರಿ, ನೀವೇ ಹೊಡೀರಿ" ಎಂದರು. ಇಬ್ಬರ ನಡುವಿನಿಂದ ಗುಜರಾತಿ ಹುಡುಗನೊಬ್ಬ ಚೆಂಡನ್ನು ಕೊಂಡೊಯ್ದು ಗೋಲು ಹೊಡೆದ. ಬಿಡುವಿನ ಹೊತ್ತಿಗೆ ನಮ್ಮ ಸೌಜನ್ಯಕ್ಕೆ ನಾಲ್ಕು ಗೋಲು ಬಿದ್ದಿತ್ತು.

"ಆ ಹುಡುಗಿಯನ್ನು ಯಾಕೆ ಕೂರಿಸಿದ್ದೀಯ?" ಸುಧಾಳ ಪಕ್ಕ ಕೂತಿದ್ದ ನಿಧಿಯನ್ನು ತೋರಿಸಿ ಮಾರ್ಸೆಲ್ ನನ್ನ ಮೇಲೆ ರೇಗಿದ.

"ಅವಳಿಗೆ ಭಾಷೆ ಬರುವುದಿಲ್ಲ. ನೀನೇ ಹೇಳಿದ್ದೆಯಲ್ಲ?"

"ಊರಿನ ಮಕ್ಕಳನ್ನು ಮೊದಲು ಕರೀರಿ ಅಂದೆ ಮಹರಾಯ, ಮನೆಯ ಮಗುವನ್ನು ಹೊರಗೆ ನಿಲ್ಲಿಸು ಅಂದೆನಾ!"

ಗಿರಿಜಕ್ಕ ಅಷ್ಟರಲ್ಲಿ ಮೂರ್ತಿಗಳನ್ನು ಕೂರಿಸಿ ನಿಧಿಯ ಕೈಗೆ ಕೋಲು ಕೊಟ್ಟಾಗಿತ್ತು. ನಿಧಿ ನುಗ್ಗಿದಳು. ಒಂದು ಗೋಲು, ಇನ್ನೊಂದು ಗೋಲು. ಮತ್ತೆ ಚೆಂಡು ತರುವಾಗ ಎದುರಿಗೆ ನಾನೇ ಕಂಬದಂತೆ ನಿಂತಿದ್ದೆ. "ಅಪ್ಪಾ, ಅಡ್ಡ ನಿಂತಿದ್ದೀರಲ್ಲಾ, ಆಚೆ ಹೋಗಿ! ಅಂಕಲ್, ಚೆಂಡು ಬಿಡಿ! ಬೇಗ!" ಎಂದು ಕಿರುಚಿದಳು. ಹೊರಗೆ ಬಾರದೆ ಒಳಗೇ ಕೂತಿದ್ದ ಕನ್ನಡ ಸಿಟ್ಟಿನ ಜೊತೆಗೇ ಬಂದುಬಿಟ್ಟಿತ್ತು. ಪಾರ್ಕಿಂಗ್ ಲಾಟಿಗೆ ಲಾಟೇ ನಕ್ಕಿತು. ಸುಧಾ ಕುಣಿದಳು. ಒಂದಕ್ಷರ ತಿಳಿಯದ ಮಾರ್ಸೆಲ್ ಎಲ್ಲರಿಗಿಂತ ಎತ್ತರ ಹಾರಿದ.

"ಪರೀಕ್ಷಾದಾಗ ಪಾಸಾದ್ಳು ನಿಮ್ಮ ಮಗಳು," ಎನ್ನುತ್ತ ಗಿರಿಜಕ್ಕ ನನ್ನನ್ನು ಮೈದಾನದಿಂದ ಆಚೆ ಕರೆದರು. "ನಿಮ್ಮ ಕನ್ನಡ ಭಾಳ ಚಲೋ ಐತ್ರೀ. ಆಟ ಬ್ಯಾಡ, ಮೈಕ್ ಹಿಡೀರಿ."

ಅವಮಾನವನ್ನು ನುಂಗಿ ಕಾಮೆಂಟರಿ ಶುರುಮಾಡಿದೆ. ನಿಧಿಯ ಮೂರನೆಯ ಗೋಲನ್ನು ಅಪ್ಪಟ ಕನ್ನಡದಲ್ಲೇ ವರ್ಣಿಸಿದೆ. ಕೊನೆಯ ಗಳಿಗೆಯಲ್ಲಿ ನಿಧಿ ಇಬ್ಬರನ್ನು ದಾಟಿ, ಮೂಲೆಯಿಂದ ಚೆಂಡನ್ನು ಬಲೆಯೊಳಗೆ ತೂರಿಸಿ ನಾಲ್ಕು–ನಾಲ್ಕು ಸಮ ಮಾಡಿದಳು. ನಾನು ಮೈಮರೆತೆ. ಮೈಕಿನಲ್ಲಿ, "ವಾಟ್ ಎ ಶಾಟ್! ದಟ್ಸ್ ಮೈ ಡಾಟರ್! ಅನ್‌ಬಿಲೀವಬಲ್!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

ನಿಧಿ ಕೋಲೂರಿ ನಿಂತು, ಏದುಸಿರಿನಲ್ಲೇ ನನ್ನ ಕಡೆ ತಿರುಗಿದಳು.

"ಅಪ್ಪಾ, ಕನ್ನಡದಲ್ಲಿ ಹೇಳಿ!"

ಬರಲಿಲ್ಲ.